ಮೈಕೇ ದೂರ ನಿಲ್ಲಲಿ

ಮಾರ್ಚ್ ೪, ಬೆಳಿಗ್ಗೆ
ಮೈಕ್ ಸ್ಟ್ಯಾಂಡ್ ನಿಲ್ಲಿಸಿದೆ, ಹೆಡ್‌ಫೋನ್ ಒರೆಸಿದೆ. ಡಬ್ಬಿಂಗ್ ಸ್ಟುಡಿಯೋ ಸೇರಿ ಐದು ತಿಂಗಳು. ಹತ್ತನೇ ಕ್ಲಾಸ್ ಮುಗಿಸಿದ ಮೇಲೆ ಆರನೇ ಕೆಲಸ ಇದು. ಐದು ತಿಂಗಳು ನಿಂತದ್ದೇ ದೊಡ್ಡದು.
ಇವತ್ತು ಪರದೆ ಮೇಲೆ ಅಮ್ಮ! ಇಪ್ಪತ್ತಾರು ವರ್ಷ ನಾಟಕ. ಸಿನಿಮಾದಲ್ಲಿ ಇಲ್ಲೀವರೆಗೆ ಬರೀ ಬಂದು ಹೋಗುವ ಪಾತ್ರ. ಇದೇ ಮೊದಲ ದೊಡ್ಡ ಪಾತ್ರ. ಅಷ್ಟರಲ್ಲಿ ಡೈರೆಕ್ಟರ್ ನಮ್ಮ ಸೌಂಡ್ ಎಂಜಿನಿಯರ್‌ಗೆ ಹೇಳಿದ—
"ಆಯಮ್ಮನ ದನಿ ಗಡಸು ಕಣ್ರೀ. ಶುಕ್ರವಾರ ಬೇರೆ ಹುಡುಗಿ ಬರ್ತಾಳೆ. ಅವಳ ಕೈಲೇ ಹೇಳಿಸಿಬಿಡಿ."
ಆತ ಹೋದಮೇಲೆ ಎಂಜಿನಿಯರ್ ನನ್ನ ಕಡೆ ತಿರುಗಿದ. "ಮನೇಲಿ ಬಾಯಿ ಬಿಟ್ಟೀಯ, ಕೆಲಸ ಹೋಗುತ್ತೆ."
ಹೋಗಲಿ.

ಸಂಜೆ
ಬಾಯಿ ಬಿಟ್ಟೆ. ಅಮ್ಮ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ.
"ಮುಖ ನಂದು, ದನಿ ಯಾರದೋ? ಮೈಕ್ ಕೆಟ್ಟಾಗ ಕೊನೇ ಬೆಂಚಿಗೂ ಮುಟ್ಟಿಸಿದ ಗಂಟಲು ಕಣೋ ಇದು. ಶುಕ್ರವಾರ ಎಷ್ಟೊತ್ತಿಗೆ?"
"ಹತ್ತಕ್ಕೆ. ಆದ್ರೆ ನಿನ್ನ ಕರೆದಿಲ್ಲಮ್ಮ."
"ಕರೆದ್ರೆ ಮಾತ್ರ ಬರೋಕೆ ನಾನೇನು ಮದುವೆ ಊಟಕ್ಕೆ ಹೋಗ್ತಿದ್ದೀನಾ?"

ಮಾರ್ಚ್ ೭, ಮಧ್ಯಾಹ್ನ
ಅಮ್ಮ ಒಂಬತ್ತೂಮುಕ್ಕಾಲಿಗೇ ಹಾಜರ್. ಡೈರೆಕ್ಟರ್ ಮುಖ ಹುಳ್ಳಗಾಯಿತು.
"ಹೇಳಿದ್ರೆ ಕಾರ್ ಕಳಿಸ್ತಿದ್ವಲ್ಲ ಮೇಡಂ..."
"ಶೂಟಿಂಗಲ್ಲಿ ಮುಖಕ್ಕೆ ಕಾರ್ ಕಳಿಸಿದ್ರಿ. ಗಂಟಲು ನಡಕೊಂಡೇ ಬಂತು."
ಆ ಹುಡುಗಿ ಹನ್ನೊಂದು ಟೇಕ್ ತೆಗೆದುಕೊಂಡಳು. ಒಂದರಲ್ಲೂ ಅಮ್ಮನ ತುಟಿಗೆ ಮಾತು ಕೂಡಲಿಲ್ಲ. ಪಾಪ, ಸೋತು ಹೊರಬಂದಳು. "ಸಾರ್, ಇವರು ಎಲ್ಲಿ ಉಸಿರು ತಗೋತಾರೋ ಅಂದಾಜೇ ಸಿಗಲ್ಲ. ಅವರ ಕೈಲೇ ಹೇಳಿಸಿ."
ಅಮ್ಮ ಆಗಲೇ ಎದ್ದಿದ್ದಳು.
ಮೊದಲ ಟೇಕ್. ತುಟಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ದನಿ ಜೋರಾಗಿ ಮೀಟರ್ ಕೆಂಪಿಗೆ ಹಾರಿತು, ಸೌಂಡ್ ಒಡೆಯಿತು. ಡೈರೆಕ್ಟರ್ ನಕ್ಕ. "ನೋಡಿದ್ರಾ? ಮೆತ್ತಗೆ ಹೇಳಿ. ಆಗದಿದ್ರೆ ಬಿಡಿ ಮೇಡಂ."
ಅಮ್ಮ ತಲೆ ತಗ್ಗಿಸಿದಳು. ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನೋಡುವುದೂ ಬೇಡ... ಒಳಗೆ ನುಗ್ಗಿ ಮೈಕ್ ಸ್ಟ್ಯಾಂಡ್ ಎತ್ತಿ ನಾಲ್ಕು ಹೆಜ್ಜೆ ಹಿಂದಿಟ್ಟೆ.
"ಯಾವನೋ ನಿನಗೆ ಹೇಳಿದ್ದು?"
"ಯಾರೂ ಇಲ್ಲ ಸಾರ್. ಅಮ್ಮ ತಗ್ಗಲ್ಲ. ಮೈಕೇ ದೂರ ನಿಲ್ಲಲಿ."
ಎರಡನೇ ಟೇಕ್. ಅದೇ ಜೋರು ದನಿ, ಮೀಟರ್ ಕೆಂಪು ಮುಟ್ಟಲಿಲ್ಲ. ಎಂಜಿನಿಯರ್ ಡೈರೆಕ್ಟರ್‌ನ ಕೇಳಲೇ ಇಲ್ಲ. "ಓಕೆ," ಅಂದ.

ಸಂಜೆ
ಉಳಿದ ಆರು ಸೀನೂ ನಾಳೆ ಅಮ್ಮನ ದನಿಯಲ್ಲೇ. ಡೈರೆಕ್ಟರ್ ಒಪ್ಪಿದ. ನನ್ನನ್ನು ಮಾತ್ರ ಓನರ್‌ಗೆ ಹೇಳಿ ತೆಗೆಸಿದ. ಏಳನೇ ಕೆಲಸ ಹುಡುಕಬೇಕು.

ಮಾರ್ಚ್ ೮, ಬೆಳಿಗ್ಗೆ
ಮುಸುಕು ಹಾಕಿ ಮಲಗೋಣ ಅಂದರೆ ಅಮ್ಮ ಬಿಡುತ್ತಿಲ್ಲ.
"ಏಳೋ, ಚಪ್ಪಲಿ ಮೆಟ್ಟು. ನನಗೆ ಮೈಕ್ ಇಡೋರು ಯಾರು?"
"ನನ್ನ ಒಳಗೆ ಬಿಡಲ್ಲಮ್ಮ."
"ಬಿಡೋವರೆಗೂ ಬಾಗಿಲಲ್ಲೇ ನಿಂತು ಡೈಲಾಗ್ ಹೇಳ್ತೀನಿ. ಬೀದಿಯೋರೆಲ್ಲ ಕೇಳಲಿ."
ಹೇಳಿಯೇ ಹೇಳುತ್ತಾಳೆ. ಈಗ ಪೆನ್ನಿಗೇ ಕೈ ಹಾಕಿದ್ದಾಳೆ— ತಡಿ ಅಮ್ಮ, ಒಂದೇ ಸಾ—