ಈಚೆ ಮೇಜಿನ ಕಲ್ಲು

ಅಥೆನ್ಸ್, ಮೆಲಿಟೆ ಕೇರಿ
ಪ್ಯಾನೆಪ್ಸಿಯೊನ್ ಮಾಸ, ಕಾಳು ಬೇಯಿಸುವ ಹಬ್ಬದ ಮರುದಿನ

ಮಗಳೇ ಹೆಡಿಲೆ,

ನೀನೂ ನಿನ್ನ ಮಡಿಲ ಕೂಸೂ ಸುಖವಾಗಿರಿ. ನಿನ್ನ ಎದೆಹಾಲು ಬತ್ತದಿರಲಿ, ಖಾಲ್ಕಿಸಿನ ಕಡಲಗಾಳಿ ಮಗುವಿಗೆ ತಾಗದಿರಲಿ.

ನಿನ್ನ ಎರಡೂ ಪತ್ರ ಕೈಸೇರಿವೆ. ಎಣ್ಣೆ ವ್ಯಾಪಾರಿಯ ದೋಣಿ ಎರಡು ಸಲ ಬಂದು, ಎರಡು ಸಲವೂ ನನ್ನ ಉತ್ತರವಿಲ್ಲದೆ ಹಿಂದಿರುಗಿತು. ಕ್ಷಮಿಸು. ನನಗೆ ಕಾಯಿಲೆಯೇನೂ ಇಲ್ಲ, ಕಣ್ಣೂ ಮಂಜಾಗಿಲ್ಲ. ನಿನ್ನಪ್ಪನಿಗೆ ನಾಟಕದ ಪಾತ್ರದ ಮಾತು ಬಾಯಿಪಾಠ ಮಾಡಿಸಲೆಂದು ಕಲಿತ ಅಕ್ಷರವೂ ಮರೆತಿಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಲೇಖನಿ ಮುರಿದುಹಾಕುವಂತಾಗುತ್ತಿತ್ತು. ಇವತ್ತೂ ಇಳಿದಿಲ್ಲ. ಇಳಿಯಲಿ ಎಂದು ಕಾಯುತ್ತಾ ಕೂತರೆ ನಿನ್ನ ಮಗಳಿಗೆ ಮದುವೆಯೇ ಆಗಿಬಿಡುತ್ತದೆ.

ಮನೆ ಇದ್ದ ಹಾಗೇ ಇದೆ. ಅಂಜೂರದ ಮರವನ್ನು ಸ್ಪಾರ್ಟಾದ ಸೈನಿಕರು ಸೌದೆಗೆ ಕಡಿದಿದ್ದರಲ್ಲ, ಬುಡದಲ್ಲಿ ಚಿಗುರಿದೆ. ಮುಖವಾಡ ಮಾಡುವ ನಮ್ಮ ಸ್ಮಿಕೊನ್ ಮಾಮ ನಿನ್ನೆ ಹಬ್ಬಕ್ಕೆ ಬಂದಿದ್ದ. ಬೇಯಿಸಿದ ಕಾಳು ತಿನ್ನುತ್ತಾ, "ಅಕ್ಕಾ, ಉಪ್ಪು ಜಾಸ್ತಿಯಾಗಿದೆ" ಅಂದ. "ತಿನ್ನಪ್ಪ, ಕಣ್ಣೀರು ಬಿದ್ದಿರಬೇಕು" ಅಂದೆ. ಅವನು ನಕ್ಕ. ನಾನೂ ನಕ್ಕೆ.

ಇನ್ನು ನಿನ್ನ ಗಂಡನ ವಿಷಯ. "ಇಡೀ ಊರೇ ಮರೆತಿದೆ, ನೀನೂ ಮರೆತು ಅವರನ್ನು ಮನೆಯೊಳಗೆ ಕರಿ" ಎಂದು ಬರೆದಿದ್ದೀಯ. ಫಿಲಾಗ್ರೊಸ್ ನಿನಗೆ ಏನು ಹೇಳಿದ್ದಾನೋ ನನಗೆ ಗೊತ್ತಿಲ್ಲ. ಅವನ ಬಾಯಿಂದ ಒಂದು ಕಥೆ ಕೇಳಿದ್ದೀಯ, ನನ್ನಿಂದಲೂ ಒಂದು ಕೇಳು. ನಡೆದದ್ದನ್ನು, ಆವತ್ತು ಮತ ಹಾಕಿಸಿದ ಗಾಯನ ಮಂಟಪದೊಳಗೇ ಇದ್ದ ಸ್ಮಿಕೊನ್ ಕಣ್ಣಾರೆ ಕಂಡಿದ್ದಾನೆ. ನಿನ್ನಪ್ಪನೂ ಸೆರೆಮನೆಯಲ್ಲಿ ನನಗೆ ಹೇಳಿದರು. ಇಬ್ಬರ ಮಾತಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

ನಮ್ಮೂರಿನವರೇ ಆದ ಆ ಮೂವತ್ತು ಜನ, ಸ್ಪಾರ್ಟಾದ ಸೈನ್ಯದ ಬೆಂಬಲದಿಂದ ಊರನ್ನು ಕೈಗೆ ತೆಗೆದುಕೊಂಡ ಮೇಲೆ ಒಂದು ಪಟ್ಟಿ ಮಾಡಿದ್ದು ನಿನಗೆ ಗೊತ್ತು. ಪಟ್ಟಿಯಲ್ಲಿ ಹೆಸರಿದ್ದವನು ಮನುಷ್ಯ, ಇಲ್ಲದವನನ್ನು ಬೀದಿಯಲ್ಲಿ ಹಿಡಿದು ಕೊಂದರೂ ಕೇಳುವವರಿಲ್ಲ. ನಿನ್ನಪ್ಪನ ಹೆಸರನ್ನು ಸೇರಿಸಿದ್ದು ಫಿಲಾಗ್ರೊಸ್. ಇದನ್ನು ನಾನು ಮುಚ್ಚಿಡುವುದಿಲ್ಲ. ಕುದುರೆ ದಳದಲ್ಲಿದ್ದವನು, ಅವರಿವರ ಕೈಕಾಲು ಹಿಡಿದು ಸೇರಿಸಿದ. ಆವತ್ತು ಅವನಿಗೆ ಜೇನಿನ ರೊಟ್ಟಿ ಮಾಡಿ ಬಡಿಸಿದವಳು ನಾನೇ.

ಚಳಿಗಾಲದ ಕೊನೆಯಲ್ಲಿ ಆ ಮೂವತ್ತು ಜನರಿಗೆ ತಮ್ಮ ಕಾಲಡಿಯ ನೆಲ ಕುಸಿಯುತ್ತಿದೆ ಅನ್ನಿಸಿತು. ಓಡಿಹೋಗಿ ಅಡಗಲು ಒಂದು ಊರು ಬೇಕಲ್ಲ. ಪಕ್ಕದ ಎಲ್ಯೂಸಿಸನ್ನು ತಮಗಾಗಿ ಖಾಲಿ ಮಾಡಿಸಲು ಹೋದರು. ಜನಗಣತಿ ಎಂದು ಸುಳ್ಳು ಹೇಳಿ ಆ ಊರಿನ ಗಂಡಸರನ್ನು ಒಬ್ಬೊಬ್ಬರಾಗಿ ಕೋಟೆಯ ಬಾಗಿಲಿಂದ ಹೊರಗೆ ಕಳಿಸಿ, ಹೊರಗೆ ಬಂದವರನ್ನೆಲ್ಲ ಕಟ್ಟಿ ಎಳೆತಂದರು. ಮುನ್ನೂರು ಜನ. ಆಮೇಲೆ ಪಟ್ಟಿಯಲ್ಲಿದ್ದವರೆಲ್ಲ ನಾಳೆ ಬೆಳಿಗ್ಗೆ ಗಾಯನ ಮಂಟಪಕ್ಕೆ ಬಂದು ಆ ಮುನ್ನೂರು ಜನರ ವಿಷಯದಲ್ಲಿ ಮತ ಹಾಕಬೇಕೆಂದು ಡಂಗುರ ಹೊಡೆಸಿದರು. ಗುಟ್ಟಿನ ಮತವಲ್ಲ. ಎಲ್ಲರ ಕಣ್ಣೆದುರೇ ಕಲ್ಲು ಇಡಬೇಕು.

ಆ ಸಂಜೆ ಫಿಲಾಗ್ರೊಸ್ ಮನೆಗೆ ಬಂದ. ಕೂರಲೂ ಇಲ್ಲ.

"ಮಾವ, ಎರಡು ಮೇಜು ಇಡ್ತಾರೆ. ಈಚೆ ಮೇಜು ಬಿಡುಗಡೆಗೆ, ಆಚೆದು ಸಾವಿಗೆ. ನೀವು ಆಚೆ ಮೇಜಿನ ಮೇಲೆ ಕಲ್ಲು ಇಟ್ಟು ಮನೆಗೆ ಬಂದುಬಿಡಿ. ಅಷ್ಟೇ."

"ಅವರು ಏನು ತಪ್ಪು ಮಾಡಿದ್ದಾರಪ್ಪ?" ಅಂತ ನಿನ್ನಪ್ಪ ಕೇಳಿದರು.

"ಏನೂ ಮಾಡಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ರೆ ಅವರನ್ನ ಹೇಗೂ ಕೊಲ್ತಾರೆ. ನಿಮ್ಮ ಒಂದು ಕಲ್ಲಿನಿಂದ ಯಾರೂ ಬದುಕಲ್ಲ."

"ಹೇಗೂ ಕೊಲ್ಲೋದಾದ್ರೆ ಕೊಲ್ಲಲಿ, ನನ್ನನ್ನ ಯಾಕೆ ಕರೀತಾರೆ? ಅಷ್ಟು ಕತ್ತಿ ಇಟ್ಕೊಂಡಿರೋರಿಗೆ ಈ ಮುದುಕನ ಕೈ ಬೇಕಾಗಿದೆ ಅಂದ್ರೆ, ಈ ಕೈಗೆ ಏನೋ ಬೆಲೆ ಇರಬೇಕಲ್ಲ ಫಿಲಾಗ್ರೊಸ್?"

ನಿನ್ನ ಗಂಡ ನನ್ನ ಕಡೆ ನೋಡಿದ. ನಾನೂ ಸುಮ್ಮನಿರಲಿಲ್ಲ. "ಏನ್ರೀ, ಇದು ನಾಟಕ ಅಲ್ಲ. ನಾಟಕದಲ್ಲಿ ಸತ್ತರೆ ಮುಖವಾಡ ಕಳಚಿಟ್ಟು ಮನೆಗೆ ಬಂದು ಬೇಳೆ ಗಂಜಿ ಕುಡೀಬಹುದು" ಅಂದೆ.

ನಿನಗೆ ಆ ನಾಟಕ ನೆನಪಿರಬೇಕು. ನಿನ್ನಪ್ಪ ಗುಡಿಯ ಮುದುಕಿಯ ಪಾತ್ರ ಮಾಡಿದ್ದರು. ಓಡಿಬಂದ ಪರದೇಶಿಯೊಬ್ಬ ದೇವರ ಪೀಠ ಹಿಡಿದು ಕೂತಿರುತ್ತಾನೆ, ಅವನನ್ನು ಒಪ್ಪಿಸು ಎಂದು ರಾಜನ ದೂತ ಬರುತ್ತಾನೆ. "ರಾಜನ ಅಪ್ಪಣೆ ಬಾಗಿಲ ತನಕ. ಬಾಗಿಲಿಂದ ಈಚೆ ಇರುವುದು ಅವನಿಗಿಂತ ಹಳೆಯದು" ಎಂದು ಆ ಮುದುಕಿ ಹೇಳಿದಾಗ ಬೆಟ್ಟದ ಇಳಿಜಾರಿನಲ್ಲಿ ಕೂತಿದ್ದ ಇಡೀ ಊರು ಬಿಕ್ಕಿಬಿಕ್ಕಿ ಅತ್ತಿತ್ತು. ಮುಂದಿನ ಸಾಲಿನ ದೊಡ್ಡಮನುಷ್ಯರು ಮೇಲುಹೊದಿಕೆಯಿಂದ ಮೂಗು ಒರೆಸಿಕೊಂಡದ್ದನ್ನು ಹೇಳಿ ಹೇಳಿ ನಿನ್ನಪ್ಪ ನಗುತ್ತಿದ್ದರು. ಹಾಗೆ ಅತ್ತವರಲ್ಲಿ ಎಷ್ಟೋ ಜನ ಆ ಬೆಳಿಗ್ಗೆ ಮಂಟಪಕ್ಕೆ ಹೋಗಿ ಆಚೆ ಮೇಜಿನ ಮೇಲೆ ಕಲ್ಲು ಇಟ್ಟು, ಮನೆಗೆ ಬಂದು ಊಟ ಮಾಡಿದರು ಹೆಡಿಲೆ! ಪುಕ್ಕಟೆ ಅಳು ಎಂದರೆ ಎಲ್ಲರಿಗೂ ಪ್ರೀತಿ.

ನನ್ನ ಮಾತಿಗೆ ನಿನ್ನಪ್ಪ ಬೈಯಲಿಲ್ಲ. "ತಿಮಾರೆತೆ, ಗಂಜಿ ಮಾಡಿಡು. ಬಂದ್ರೆ ಕುಡೀತೀನಿ" ಅಂದರು.

ಮಂಟಪದ ಅರ್ಧದಲ್ಲಿ ಸ್ಪಾರ್ಟಾದವರು ಆಯುಧ ಹಿಡಿದು ತುಂಬಿಕೊಂಡಿದ್ದರಂತೆ. ಎದುರಿಗೆ ಆ ಮೂವತ್ತು ಜನ ಕುರ್ಚಿಗಳಲ್ಲಿ. ಅವರ ಮುಂದೆ ಮೇಜುಗಳು, ಮೇಜುಗಳ ಪಕ್ಕದಲ್ಲಿ ಕಾವಲಿಗೆ ಕುದುರೆ ದಳದವರು. ನಿನ್ನ ಗಂಡನೂ ಅಲ್ಲಿ ನಿಂತಿದ್ದ. ಜನ ಸಾಲಾಗಿ ಬಂದು, ತಲೆ ಎತ್ತದೆ, ಬಿಸಿ ಕೆಂಡ ಎಸೆಯುವವರ ಹಾಗೆ ಆಚೆ ಮೇಜಿಗೆ ಕಲ್ಲು ಹಾಕಿ ಹೋಗುತ್ತಿದ್ದರು. ಸ್ಮಿಕೊನ್ ಕೂಡ ಹಾಗೇ ಹಾಕಿದ. ನನ್ನೆದುರು ಕೂತು ತಾನೇ ಹೇಳಿದ. ಅದಕ್ಕೇ ಇವತ್ತಿಗೂ ಅವನಿಗೆ ನನ್ನ ಮನೆಯಲ್ಲಿ ಕಾಳು ಬಡಿಸುತ್ತೇನೆ.

ನಿನ್ನಪ್ಪನ ಸರದಿ ಬಂತು. ಈಚೆ ಮೇಜಿನ ಮೇಲೆ ಕಲ್ಲು ಇಟ್ಟರು. ಖಾಲಿ ಹಲಗೆಯ ಮೇಲೆ ಅದೊಂದೇ ಕಲ್ಲು. ಟಕ್ ಎಂದ ಸದ್ದು ಕೊನೆಯ ಕಂಬದವರೆಗೂ ಕೇಳಿಸಿತು ಎಂದ ಸ್ಮಿಕೊನ್.

ಕುರ್ಚಿಯಲ್ಲಿದ್ದವನೊಬ್ಬ ನಗುತ್ತಾ, "ಯಜಮಾನರು ಮೇಜು ತಪ್ಪಿದ್ರು ಅಂತ ಕಾಣುತ್ತೆ" ಅಂದನಂತೆ.

ಆಗ ನಿನ್ನ ಗಂಡ ಮುಂದೆ ಬಂದ. "ಹೌದು, ನಮ್ಮ ಮಾವನಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ" ಎಂದು ಹೇಳಿ ಆ ಕಲ್ಲನ್ನು ತೆಗೆದು ಆಚೆ ಮೇಜಿಗೆ ಹಾಕಿದ. ಉಳಿಸಲೆಂದೇ ಹಾಗೆ ಮಾಡಿದ, ಅದು ನನಗೂ ಗೊತ್ತು. ನಿನ್ನಪ್ಪ ಒಂದು ಗಳಿಗೆ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಮನೆಗೆ ಬಂದುಬಿಡಬಹುದಿತ್ತು. ಅವರು ಆಚೆ ಮೇಜಿಗೆ ನಡೆದುಹೋಗಿ, ರಾಶಿಯೊಳಗಿಂದ ಒಂದು ಕಲ್ಲನ್ನು ಎತ್ತಿಕೊಂಡು ತಿರುಗಿ ಬಂದು ಈಚೆ ಮೇಜಿನ ಮೇಲೆ ಇಟ್ಟರು.

"ನನಗೆ ಕಣ್ಣು ಚೆನ್ನಾಗಿ ಕಾಣುತ್ತೆ. ನನ್ನ ಕಲ್ಲನ್ನ ನಾನೇ ಇಡ್ತೀನಿ" ಅಂದರು. ರಂಗದ ಮೇಲಿನ ದನಿಯಲ್ಲಲ್ಲ, ಮನೆಯಲ್ಲಿ ಮಾತಾಡುವ ದನಿಯಲ್ಲಿ.

ನಗುತ್ತಿದ್ದವನ ಮುಖ ಬಿಗಿಯಿತು. ಅಲ್ಲೇ ಪಟ್ಟಿ ತರಿಸಿ ನಿನ್ನಪ್ಪನ ಹೆಸರಿನ ಮೇಲೆ ಗೀಟು ಎಳೆಸಿದ. ಆಮೇಲೆ ಫಿಲಾಗ್ರೊಸ್ ಕಡೆ ತಿರುಗಿ, "ನಿಮ್ಮ ಮಾವ ಅಲ್ವಾ? ಹಾದಿ ಕಾಣಿಸದೆ ಎಡವಿಯಾರು. ನೀನೇ ಕೈ ಹಿಡಿದು ಸೆರೆಮನೆಗೆ ಬಿಟ್ಟು ಬಾ" ಅಂದ.

ನಿನ್ನ ಗಂಡ ಕೈ ಹಿಡಿದ. ಕರೆದುಕೊಂಡು ಹೋದ. ಮಾರುಕಟ್ಟೆಯ ನಡುವಿಂದ, ಹಗಲು ಹೊತ್ತಿನಲ್ಲಿ, ಮೀನು ಮಾರುವವರೆಲ್ಲ ನೋಡುತ್ತಿದ್ದ ಹಾಗೆ. ದಾರಿಯಲ್ಲಿ ಒಂದೇ ಮಾತು ಆಡಿದನಂತೆ. "ಮಾವ, ನನಗೆ ಅಪ್ಪಣೆ ಆಗಿದೆ."

ಅಪ್ಪಣೆ! ಆ ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನಪ್ಪನಿಗೂ ಅಪ್ಪಣೆಯಾಗಿತ್ತಲ್ಲ? ಅದೇ ಮಂಟಪ, ಅದೇ ಬೆಳಿಗ್ಗೆ, ಅದೇ ಜನ ಮಾಡಿದ ಅಪ್ಪಣೆ.

ಮರುದಿನ ಆ ಮುನ್ನೂರು ಜನರನ್ನು ಕೊಂದರು, ನಿನ್ನಪ್ಪನಿಗೂ ವಿಷದ ಬಟ್ಟಲು ಕೊಟ್ಟರು. ಹೆಣವನ್ನು ಮನೆಯಿಂದ ಎತ್ತಕೂಡದೆಂದು ಕಟ್ಟಳೆ. ಊರಾಚೆ ಕುಂಬಾರರ ಒಂದು ಕೊಟ್ಟಿಗೆಯಲ್ಲಿ ಮಲಗಿಸಿದೆವು. ನಮ್ಮದೇ ಪೆಟ್ಟಿಗೆಯ ಬಟ್ಟೆಬರೆಯನ್ನೂ ಆ ಕಳ್ಳರು ಹೊತ್ತೊಯ್ದಿದ್ದರು. ಸ್ಮಿಕೊನ್ ತನ್ನ ಮೇಲುಹೊದಿಕೆ ಕೊಟ್ಟ, ಪಕ್ಕದ ಮನೆಯವಳು ದಿಂಬು ಕೊಟ್ಟಳು. ಗಟ್ಟಿಯಾಗಿ ಅಳುವ ಹಾಗಿರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಈಗ ಆ ಮೂವತ್ತು ಜನ ಇಲ್ಲ. ಪಿರೇಯಸ್ ಬಂದರಿನಿಂದ ಹೋರಾಡಿ ಬಂದ ನಮ್ಮವರು ಊರನ್ನು ವಾಪಸು ಪಡೆದರು. ನಾನೂ ಬೀದಿಗೆ ಹೋಗಿ ಹೂ ಎರಚಿದೆ. ಆಮೇಲೆ ನಮ್ಮವರು ಮಾಡಿದ ಮೊದಲ ಕೆಲಸವೆಂದರೆ ಒಂದು ಪ್ರಮಾಣ. ಯಾರೂ ಯಾರ ಮೇಲೂ ಹಳೆಯ ಕೇಡನ್ನು ಎತ್ತಿ ಆಡಕೂಡದು. ಒಳ್ಳೆಯ ಪ್ರಮಾಣವೇ ಇರಬಹುದು. ಎಲ್ಲರೂ ಎಲ್ಲರ ಕುತ್ತಿಗೆ ಹಿಡಿದರೆ ಊರಲ್ಲಿ ದೀಪ ಹಚ್ಚುವವರೂ ಉಳಿಯುವುದಿಲ್ಲ ಎಂದು ನನಗೂ ಅರ್ಥವಾಗುತ್ತದೆ. ಆದರೆ ಹೋದ ವಾರ ನೀರಿನ ಕಟ್ಟೆಯ ಹತ್ತಿರ ನಾನು ಹೆಂಗಸರಿಗೆ ನಿನ್ನಪ್ಪನ ಕಲ್ಲಿನ ವಿಷಯ ಹೇಳುತ್ತಿದ್ದಾಗ ಕೇರಿಯ ಮುಖಂಡ ಬಂದು, "ಅಮ್ಮಾ, ಹಳೇದು ಬೇಡ, ಕಾನೂನಿದೆ" ಅಂದ. ನನಗೆ ರೇಗಿತು. "ಆಗಿನವರು ಕೊಲ್ಲು ಅಂದ್ರು, ಈಗಿನವರು ಮರೆ ಅಂತೀರಿ. ನಡುವೆ ನನ್ನ ಗಂಡ ಇದ್ದ ಅನ್ನೋದನ್ನ ಹೇಳೋಕೆ ಯಾರ ಅಪ್ಪಣೆ ಕೇಳಲಿ?" ಅಂದೆ. ಕೊಡ ಅಲ್ಲೇ ಬಿಟ್ಟು ಬಂದೆ. ಪಕ್ಕದ ಮನೆಯವಳು ತುಂಬಿಸಿ ತಂದುಕೊಟ್ಟಳು.

ಅದರ ಮರುದಿನವೇ ಅಳಿಯಂದಿರ ಸವಾರಿ ಬಂತು. ಕೈಯಲ್ಲಿ ದ್ರಾಕ್ಷಿ ಬುಟ್ಟಿ.

"ಅತ್ತೆ, ಊರೆಲ್ಲ ಪ್ರಮಾಣ ಮಾಡಿದೆ."

"ಮಾಡಿದವರು ಗಂಡಸರು. ನನ್ನನ್ನ ಯಾರು ಕೇಳಿದ್ರು?"

"ನಾನು ಅವರನ್ನ ಉಳಿಸೋಕೆ ನೋಡಿದೆ. ಆ ದೇವರಾಣೆ."

"ಹೌದು, ನೀನು ನೋಡಿದೆ. ಅದಕ್ಕೆ ನಿನ್ನ ಮೇಲೆ ದಾವೆ ಹೂಡಲ್ಲ, ಶಾಪಾನೂ ಹಾಕಲ್ಲ. ಆದ್ರೆ ಆಮೇಲೆ ಮಾಡಿದ್ದನ್ನ ಒಂದು ಸಲ ಬಾಯಿಬಿಟ್ಟು ಹೇಳು. 'ನಾನು ಕರೆದುಕೊಂಡು ಹೋದೆ' ಅಂತ. ಇಲ್ಲಿ ಬೇಡ, ಸಮಾಧಿ ಹತ್ತಿರ. ನಾನೊಬ್ಬಳೇ ಕೇಳಿಸ್ಕೋತೀನಿ."

ಅವನು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನಾನು ಕರ್ಕೊಂಡು ಹೋಗದೆ ಇದ್ದಿದ್ರೆ ಇನ್ನೊಬ್ಬ ಕರ್ಕೊಂಡು ಹೋಗ್ತಿದ್ದ ಅತ್ತೆ" ಅಂದ.

"ಹೋಗ್ಲಿ ಬಿಡು, ಆ ಇನ್ನೊಬ್ಬ ನನ್ನ ಅಳಿಯ ಆಗಿರ್ತಿರಲಿಲ್ಲ" ಎಂದು ಬಾಗಿಲು ಹಾಕಿಕೊಂಡೆ. ದ್ರಾಕ್ಷಿಯನ್ನು ಹೊಸ್ತಿಲ ಮೇಲಿಟ್ಟು ಹೋಗಿದ್ದ. ಕೋಳಿಗಳಿಗೆ ಹಾಕಿದೆ.

ಸ್ಮಿಕೊನ್ ಹೆದರಿ ಕಲ್ಲು ಹಾಕಿದ. ಹಾಕಿದೆ ಅಂತಲೂ ಹೇಳಿದ. ನಿನ್ನ ಗಂಡನಿಂದ ನಾನು ಬಯಸಿದ್ದೂ ಅಷ್ಟೇ. ಅದನ್ನು ಹೇಳುವ ದಿನ ಅವನು ಬರಲಿ, ಬಾಗಿಲು ತೆರೆಯುತ್ತೇನೆ. ಅಲ್ಲಿಯವರೆಗೆ ನೂರು ಪ್ರಮಾಣ ಆದರೂ ಈ ಹೊಸ್ತಿಲು ಅವನಿಗಿಲ್ಲ.

ನಿನಗೆ ಗಂಡನನ್ನು ಬಿಡು ಎಂದು ನಾನು ಹೇಳುವುದಿಲ್ಲ. ಅವನು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆಂದು ಗೊತ್ತು. ಅವನ ಮನೆಯಲ್ಲಿ ಇರು, ಮಗುವನ್ನು ಎತ್ತಿಕೊಂಡು ಇಲ್ಲಿಗೂ ಬಾ. ನೀನು ಚಿಕ್ಕವಳಿದ್ದಾಗಿನ ತೊಟ್ಟಿಲನ್ನು ಸ್ಮಿಕೊನ್ ಮಾಮ ಸರಿಮಾಡಿಕೊಟ್ಟಿದ್ದಾನೆ. ಕಡಲು ಕೆರಳುವ ಮೊದಲೇ ಹೊರಡು. ದಾರಿಯಲ್ಲಿ ಮಗುವಿನ ಕಿವಿಗೆ ಉಣ್ಣೆ ಸುತ್ತು.

ನಮ್ಮ ಒಲೆಯ ದೇವತೆ ನಿನ್ನನ್ನೂ ಕೂಸನ್ನೂ ಕಾಯಲಿ. ನಿನ್ನ ಮಗಳು ತಲೆಯೆತ್ತಿ ನಡೆಯುವ ಹೆಣ್ಣಾಗಲಿ.

ನಿನ್ನ ಅಮ್ಮ,
ತಿಮಾರೆತೆ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ನಿನ್ನ ಎರಡನೆಯ ಪತ್ರದ ಕೊನೆಯಲ್ಲಿ, "ಅಪ್ಪ ಆ ಒಂದು ದಿನ ನಮ್ಮ ನೆನಪು ಮಾಡಿಕೊಂಡು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು" ಎಂದು ಬರೆದಿದ್ದೀಯ. ನಿನ್ನ ಗಂಡ ಮಾಡಿದ್ದಕ್ಕೆ ನನಗೆ ಸಿಟ್ಟು ಬಂತು. ಈ ಸಾಲು ಓದಿ ಸಿಟ್ಟೂ ಬರಲಿಲ್ಲ, ಪತ್ರ ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಸೆರೆಮನೆಯಲ್ಲಿ ಬಟ್ಟಲು ಬರುವ ಮೊದಲು ನಿನ್ನಪ್ಪ ದೇವರ ಬಗ್ಗೆ ಮಾತಾಡಲಿಲ್ಲ, ಊರಿನ ಬಗ್ಗೆಯೂ ಅಲ್ಲ. "ತಿಮಾರೆತೆ, ಹೆಡಿಲೆಗೆ ನನ್ನ ಮೇಲೆ ಕೋಪ ಬರುತ್ತಾ?" ಅಂತ ಒಂದೇ ಕೇಳಿದರು. "ಏನು ಮಾತು ಅಂತ ಆಡ್ತೀರಿ? ನಿಮ್ಮ ಮಗಳು ಅವಳು. ಅವಳಿದ್ದಿದ್ರೂ ಕಲ್ಲನ್ನ ಅಲ್ಲೇ ಇಡ್ತಿದ್ದಳು" ಅಂದೆ. ಅವರ ಮುಖ ಅರಳಿತು. ಆ ಮುಖದಲ್ಲೇ ಕುಡಿದರು. ಹೆಡಿಲೆ, ಅವರಿಗೆ ನಾನು ಸುಳ್ಳು ಹೇಳಿ ಕಳಿಸಿದೆನೇ? ಬೇರೆ ಯಾವುದಕ್ಕೂ ಉತ್ತರ ಬೇಡ, ಇದಕ್ಕೆ ಬರೆ.