ಸ್ವಂತ ಮಾತಿನಲ್ಲಿ

ಕಾಟನ್‌ವುಡ್ ಕ್ರಾಸಿಂಗ್, ಒಕ್ಲಹೋಮ
ಮೇ ೨೪, ಶುಕ್ರವಾರ ಮಧ್ಯಾಹ್ನ

ರಾಯ್ಸ್,

ನಮ್ಮ ಮಾರ್ಲಿ ಕ್ಷೇಮವಾಗಿ ಬಂದು ತಲುಪಿದ್ದಾಳೆಂದು ನೀನು ಕಳಿಸಿದ ಒಂದು ಸಾಲು ನೋಡಿದ ಮೇಲೆಯೇ ನನಗೆ ಉಸಿರು ಬಂತು. ಹದಿನಾರರ ಹುಡುಗಿ, ಒಬ್ಬಳೇ ನೀನಿರುವ ಅಮರಿಲೊವರೆಗೆ ಆ ಹಳೇ ಟ್ರಕ್ ಓಡಿಸಿಕೊಂಡು ಬಂದಿದ್ದಾಳೆ. ಬೈಯಬೇಡ. ಅವಳು ಓಡಿ ಬಂದದ್ದು ನಿನ್ನ ಮೇಲಿನ ಪ್ರೀತಿಯಿಂದಲೇ ಇರಬಹುದು, ಆದರೆ ಓಡಿಸಿದವಳು ನಾನು. ಫೋನಿನಲ್ಲಿ ಹೇಳಹೊರಟರೆ ನನ್ನ ಪರವಾಗಿಯೇ ವಾದಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಹುಡುಗಿಯರ ಸ್ಕೌಟ್ ದಳದ ಸುವರ್ಣ ದೀಪ ಪದಕ ನಿನಗೆ ಗೊತ್ತೇ ಇದೆ. ಅದಕ್ಕಿಂತ ದೊಡ್ಡದು ದಳದಲ್ಲಿ ಇನ್ನೊಂದಿಲ್ಲ. ಮೊದಲು ಹೇಗಿತ್ತು? ಬ್ಯಾಡ್ಜ್‌ಗಳು, ಶಿಬಿರಗಳು, ಊರಿಗೆ ಉಪಯೋಗವಾಗುವ ಒಂದು ಕೆಲಸ, ಕೊನೆಗೆ ಬೈಬಲ್ ವಚನಗಳ ಬಾಯಿಪಾಠ, ಪಾಸ್ಟರ್ ಸಹಿ. ಈ ಜನವರಿಯಿಂದ ಕೇಂದ್ರ ಕಚೇರಿ ಬಾಯಿಪಾಠವನ್ನು ತೆಗೆದುಹಾಕಿತು. ಹುಡುಗಿ ಮೂವರ ಮುಂದೆ ಕೂತು ತನ್ನ ನಂಬಿಕೆಯ ಬಗ್ಗೆ ಸ್ವಂತ ಮಾತಿನಲ್ಲಿ ಹೇಳಬೇಕು. ಹೀಗೆ ಬದಲಾಗಬೇಕೆಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬಳು. ನಮ್ಮ ಹುಡುಗಿಯರು ಗಿಣಿಗಳ ಹಾಗೆ ವಚನ ಒದರುತ್ತಾರೆ, ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ ಎಂದು ಸಭೆಗಳಲ್ಲಿ ಎದ್ದುನಿಂತು ಹೇಳುತ್ತಿದ್ದೆ. ಹೊಸ ನಿಯಮ ಬಂದ ದಿನ ಎಲ್ಲರಿಗೂ ಪೀಚ್ ಪೈ ಮಾಡಿಕೊಟ್ಟೆ.

ಏಪ್ರಿಲ್‌ನಲ್ಲಿ ಮೊದಲು ಬಂದವಳು ಟ್ವೈಲಾ. ಅಜ್ಜಿಯ ಜೊತೆ ಟ್ರೈಲರ್ ಮನೆಗಳ ಸಾಲಿನಲ್ಲಿರುವವಳು, ಮಾರ್ಲಿಯ ಜೀವದ ಗೆಳತಿ. ಜನ ಎಸೆದ ಸೈಕಲ್ಲುಗಳನ್ನು ಎತ್ತಿಕೊಂಡು ಬಂದು, ರಿಪೇರಿ ಮಾಡಿ, ಆ ಸಾಲಿನ ಮಕ್ಕಳಿಗೆಲ್ಲ ಕೊಟ್ಟಳು. ಅದು ಅವಳ ಸೇವೆಯ ಕೆಲಸ. ಮೇಜಿನ ಈಚೆ ಪಾಸ್ಟರ್ ಗಾರ್ಲೆಂಡ್, ಮಿಸೆಸ್ ಬರ್ಡ್‌ವೆಲ್, ದಳದ ನಾಯಕಿಯಾಗಿ ನಾನು. ಪಾಸ್ಟರ್ ಮೆತ್ತಗೆ, "ನಿನ್ನ ಪ್ರಾರ್ಥನೆ ದೇವರು ಕೇಳ್ತಾನೆ ಅಂತ ನಂಬ್ತೀಯಾ ಮಗು?" ಎಂದರು.

ಟ್ವೈಲಾ ಹೇಳಿದಳು, "ಏಸಾಗೋಸ್ಕರ ನಾವೆಲ್ಲ ಬೇಡ್ಕೊಂಡ್ವಿ ಪಾಸ್ಟರ್. ಆಸ್ಪತ್ರೇಲಿ ಅವನ ಪಕ್ಕ ಕೂತು ಕಾಮಿಕ್ಸ್ ಓದಿ ಹೇಳ್ತಿದ್ದಾಗ್ಲೂ ಮನಸ್ನಲ್ಲೇ ಬೇಡ್ಕೋತಿದ್ದೆ. ಯಾರಾದ್ರೂ ಕೇಳಿಸ್ಕೊಂಡ್ರೋ ಇಲ್ವೋ ನಂಗೊತ್ತಿಲ್ಲ. ಈಗ್ಲೂ ದಿನಾ ಬೇಡ್ಕೋತೀನಿ. ನಂಬಿಕೆ ಅಂತೀರೋ, ಹಠ ಅಂತೀರೋ, ನೀವೇ ಹೇಳಿ."

ನಮ್ಮ ಏಸಾ, ರಾಯ್ಸ್, ನಮ್ಮ ಮಗ. ನಾವು ಮಣ್ಣು ಮಾಡಿ ಬಂದ ಮೇಲೆ ಆ ಚರ್ಚಿನಲ್ಲಿ ಯಾರೂ ಅವನ ಹೆಸರು ಎತ್ತಿರಲಿಲ್ಲ. ಎತ್ತಿದರೆ ನನಗೆ ನೋವಾದೀತೆಂಬ ಮರ್ಯಾದೆ. ಆ ಹುಡುಗಿ ಎತ್ತಿದಳು. ನಾನು ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ಬದಲಿಗೆ ಮೇಜಿನ ಮರದ ಗೆರೆಗಳನ್ನು ನೋಡುತ್ತ ಕೂತೆ. ಅವಳು ಹೊರಗೆ ಹೋದ ಮೇಲೆ ಪಾಸ್ಟರ್, ಕೊಡೋಣ ಎಂದರು. ಮಿಸೆಸ್ ಬರ್ಡ್‌ವೆಲ್, "ದೃಢವಾದ ನಂಬಿಕೆ ಇಲ್ದೋರಿಗೆ ದೀಪ ಕೊಟ್ರೆ ಏನರ್ಥ?" ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು. ಹೊಸ ನಿಯಮವನ್ನು ಮೊದಲ ಸಲವೇ ಸಡಿಲ ಮಾಡಬಾರದು ಎಂದೆ. ಎಷ್ಟು ತೂಕದ ಮಾತು, ನೋಡು.

ಮುಂದಿನ ವಾರ ಮಾರ್ಲಿಯ ಸರದಿ. ಹಿಂದಿನ ಸಂಜೆ ಪಾತ್ರೆ ಒರೆಸುತ್ತ ಕೇಳಿದಳು, "ಅಮ್ಮ, ಏಸಾ ವಿಷಯ ಕೇಳಿದ್ರೆ ಏನನ್ಲಿ?"

"ದೇವರು ಅವನನ್ನ ತನ್ನ ಮನೆಗೆ ಕರ್ಕೊಂಡ, ನಂಗೆ ಸಮಾಧಾನ ಇದೆ ಅನ್ನು."

"ನಂಗಿಲ್ವಲ್ಲ."

"ಹತ್ತು ನಿಮಿಷದ ಮಾತು, ಮಾರ್ಲಿ. ಇಷ್ಟು ವರ್ಷ ಪಟ್ಟ ಕಷ್ಟ ನೀರಲ್ಲಿ ಹೋಮ ಮಾಡ್ಬೇಡ."

ಅಡುಗೆಮನೆಯಲ್ಲೇ ನಿಲ್ಲಿಸಿಕೊಂಡು ಹೇಳಿಸಿದೆ. ಎಲ್ಲಿ ತಡೆಯಬೇಕು, ಎಲ್ಲಿ ತಲೆ ಎತ್ತಬೇಕು, ಅದನ್ನೂ ಹೇಳಿಕೊಟ್ಟೆ. ಮಾರನೆಯ ದಿನ ನನ್ನ ಜಾಗದಲ್ಲಿ ಪಾಸ್ಟರ್ ಹೆಂಡತಿ ಕೂತಿದ್ದರು. ಮಿಸೆಸ್ ಬರ್ಡ್‌ವೆಲ್ ಕಣ್ಣೊರೆಸಿಕೊಂಡರಂತೆ. ಗಿಣಿಪಾಠ ಬೇಡವೆಂದು ಬಡಿದಾಡಿದವಳು ಮಗಳನ್ನೇ ಗಿಣಿ ಮಾಡಿದ್ದೆ. ಹಳೆಯ ನಿಯಮದಲ್ಲಿ ಅವಳು ದೇವರ ಮಾತನ್ನಾದರೂ ಒಪ್ಪಿಸುತ್ತಿದ್ದಳು.

ತನಗೆ ಪದಕ ಯಾಕೆ ಸಿಗಲಿಲ್ಲವೆಂದು ಟ್ವೈಲಾ ಮಾರ್ಲಿಗೆ ಹೇಳಿರಲಿಲ್ಲ. ಕಳೆದ ಶನಿವಾರ ಹೇಳಿದಳು. ಭಾನುವಾರ ಪದಕ ಪ್ರದಾನ. ಪದಕವನ್ನು ತಾಯಿಯೇ ಚುಚ್ಚುವುದು ವಾಡಿಕೆಯಲ್ಲವೇ. ಇಡೀ ಚರ್ಚು ಎದ್ದು ನಿಂತಿತ್ತು. ನಾನು ಪಿನ್ ಬಿಚ್ಚುವಾಗ ಮಾರ್ಲಿ ನನ್ನ ಕೈ ಹಿಡಿದುಕೊಂಡಳು.

"ಬೇಡಮ್ಮ. ನಾನು ಹೇಳಿದ್ದೆಲ್ಲ ನಿಂದು. ಟ್ವೈಲಾ ಹೇಳಿದ್ದು ಅವಳದ್ದು. ಅವಳಿಗೆ ಹಾಕು."

ಮೆಲ್ಲಗೇ ಹೇಳಿದಳು. ಆದರೆ ಮೈಕ್ ಹತ್ತಿರದಲ್ಲೇ ಇತ್ತು. ಮಧ್ಯದ ದಾರಿಯಲ್ಲಿ ನಡೆದು ಹೊರಟೇಹೋದಳು. ಆಮೇಲೆ ಟ್ರಕ್ಕಿನ ಸದ್ದು. ಊಟದ ಮೇಜುಗಳ ಹತ್ತಿರ ಮಿಸೆಸ್ ಬರ್ಡ್‌ವೆಲ್, "ಪಾಪ, ನೀನೇನು ಮಾಡ್ತೀಯ ಲೊರೆಟಾ, ಅಪ್ಪನ ರಕ್ತ" ಎಂದರು. ಇದನ್ನೂ ಬರೆದುಬಿಡುತ್ತೇನೆ: ಸುಮ್ಮನಿದ್ದೆ, ಮೇಲೆ ಅವರು ಕೊಟ್ಟ ಆಲೂಗಡ್ಡೆ ಸಲಾಡ್ ತಿಂದೆ.

ಸೋಮವಾರ ಪಾಸ್ಟರ್ ಹತ್ತಿರ ಹೋಗಿ, ಮಗಳಿಗೆ ಹೇಳಿಕೊಟ್ಟದ್ದು ನಾನೇ ಎಂದು ಒಪ್ಪಿಕೊಂಡೆ. ಟ್ವೈಲಾಳನ್ನು ಮತ್ತೆ ಕರೆಸಿ ಎಂದೆ. ಕೇಂದ್ರ ಕಚೇರಿಯ ನಿಯಮದ ವಾಕ್ಯವನ್ನು ಇಬ್ಬರೂ ಕೂತು ಓದಿದೆವು. ತಾನು ಎಲ್ಲಿ ನಿಂತಿದ್ದೇನೆಂದು ಹುಡುಗಿ ಪ್ರಾಮಾಣಿಕವಾಗಿ ಹೇಳಬೇಕು, ಅಷ್ಟೇ. 'ದೃಢ' ಎಂಬ ಮಾತು ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿಕೊಂಡವರು ನಾವು.

ಬುಧವಾರ ಟ್ವೈಲಾ ಬಂದಳು. ಉಗುರಿನ ಸಂದಿಯಲ್ಲಿ ಗ್ರೀಸು. ಪಾಸ್ಟರ್ ಅದೇ ಪ್ರಶ್ನೆ ಕೇಳಿದರು. ಇವಳು ಮೊದಲು ನನ್ನ ಕಡೆ ತಿರುಗಿ, "ಮಿಸ್ ಲೊರೆಟಾ, ಹೋದ್ಸಲ ನೀವು ನನ್ನ ಮುಖಾನೇ ನೋಡ್ಲಿಲ್ಲ. ಏಸಾ ಹೆಸರು ಹೇಳಿ ನಿಮಗೆ ನೋವು ಮಾಡ್ದೆ ಅಂತ ನಂಗೆ ನಿದ್ದೇನೇ ಬರ್ಲಿಲ್ಲ" ಎಂದಳು. ತಪ್ಪು ಮಾಡಿದವಳು ನಾನು, ನಿದ್ದೆ ಕೆಟ್ಟದ್ದು ಅವಳಿಗೆ. ಈ ಸಲ ನೋಡಿದೆ. ಅವಳು ಮತ್ತೆ ಅದೇ ಮಾತು ಹೇಳಿದಳು, ಒಂದಕ್ಷರ ಸಿಹಿ ಮಾಡಲಿಲ್ಲ. ಮಿಸೆಸ್ ಬರ್ಡ್‌ವೆಲ್ ಈಗಲೂ ಒಪ್ಪಲಿಲ್ಲ. ನಾನೂ ಪಾಸ್ಟರೂ ಒಪ್ಪಿದೆವು. ಜೂನಿನಲ್ಲಿ ಅವಳ ಅಜ್ಜಿ ಪದಕ ಚುಚ್ಚುತ್ತಾಳೆ.

ಮಾರ್ಲಿಯ ಪದಕವನ್ನು ಸದ್ಯಕ್ಕೆ ತಡೆಹಿಡಿದಿದ್ದಾರೆ. ಅವಳಿಗೆ ಮನಸ್ಸಿದ್ದರೆ ಮತ್ತೊಮ್ಮೆ ಕೂರಬಹುದು. ಇಲ್ಲದಿದ್ದರೆ ಬೇಡ, ನಾನು ಒಂದು ಮಾತೂ ಆಡುವುದಿಲ್ಲ. ದಳದ ನಾಯಕತ್ವ ಬಿಡುತ್ತೇನೆ ಎಂದೆ. ಪಾಸ್ಟರ್ ಸ್ವಲ್ಪವಾದರೂ ತಡೆಯುತ್ತಾರೆ ಎಂದುಕೊಂಡಿದ್ದೆ. ತಕ್ಷಣ ಒಪ್ಪಿದರು.

ಅವಳು ನಿನ್ನ ಹತ್ತಿರ ಎಷ್ಟು ದಿನ ಇರುತ್ತಾಳೋ ಇರಲಿ. ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತಾಳೆ, ಒಂದು ಮೊಟ್ಟೆಯಾದರೂ ತಿನ್ನಿಸು.

ಇನ್ನೂ ನಿನ್ನ ಮನೆತನದ ಹೆಸರನ್ನೇ ಇಟ್ಟುಕೊಂಡಿರುವ
ಲೊರೆಟಾ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ನೀನು ನಂಬಿಕೆ ಕಳೆದುಕೊಂಡು ಹೆಂಡತಿಯನ್ನೂ ಚರ್ಚನ್ನೂ ಬಿಟ್ಟುಹೋದೆ ಎಂದೇ ಇಲ್ಲಿ ಎಲ್ಲರೂ ತಿಳಿದಿದ್ದಾರೆ. ಮಾರ್ಲಿಯೂ. ಏಸಾನ ಕೊನೆಯ ಬೆಳಿಗ್ಗೆ ಅವನ ಹಾಸಿಗೆಯ ಪಕ್ಕ ಮೊಣಕಾಲೂರಿ, "ಬಾ ಲೊರೆಟಾ, ಜೊತೆಗೆ ಬೇಡ್ಕೊಳ್ಳೋಣ" ಎಂದು ಕೈ ಚಾಚಿದವನು ನೀನು. ಕಿಟಕಿಯ ಕಡೆ ತಿರುಗಿ ನಿಂತವಳು ನಾನು. ಅಂದಿನಿಂದ ಇಂದಿನವರೆಗೆ ನಾನು ಪ್ರಾರ್ಥನೆ ಮಾಡಿಲ್ಲ, ಬರೀ ತಲೆ ಬಗ್ಗಿಸಿದ್ದೇನೆ. ಜನ ಅದನ್ನು ತಿರುಗುಮುರುಗಾಗಿ ತಿಳಿದುಕೊಂಡರು, ನಾನು ತಿದ್ದಲಿಲ್ಲ. ನೀನೂ ತಿದ್ದಲಿಲ್ಲ. ಈ ಪತ್ರ ಓದಿ ಮುಗಿಸಿದ ಮೇಲೆ ಮಾರ್ಲಿಯ ಕೈಗೆ ಕೊಡು.