ಕತ್ತರಿ ಗುರುತು

ಮಂಗಳವಾರ, ಮಧ್ಯಾಹ್ನ

ನಮ್ಮ ಸ್ಟೇಷನ್ ಮಾಸ್ಟರ್ ಸಾಹೇಬರಿಗೆ,

ನೀವು ಕ್ಷೇಮವೆಂದು ನಿಮ್ಮ ಅಕ್ಕ ಫೋನಿನಲ್ಲಿ ಹೇಳಿದರು. ಊಟ ಮಾತ್ರ ಸರಿಯಾಗಿ ಸೇರುತ್ತಿಲ್ಲವಂತೆ. ಅದಕ್ಕೆ ಖುಷಿಪಟ್ಟೆ ಎಂದರೆ ಕೆಟ್ಟವಳಾಗುತ್ತೇನೆ, ಆದರೂ ಸ್ವಲ್ಪ ಖುಷಿಯಾಯಿತು. ನಾನಿಲ್ಲಿ ಚೆನ್ನಾಗಿದ್ದೇನೆ. ಬಚ್ಚಲುಮನೆಯ ಬಲ್ಬನ್ನು ನಾನೇ ಸ್ಟೂಲ್ ಹತ್ತಿ ಬದಲಾಯಿಸಿಕೊಂಡೆ. ಫೋನ್ ಮಾಡಿದರೆ ಮಾತಿಗೆ ಮಾತು ಬೆಳೆಯುತ್ತದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಕಳಿಸಿದ ಬಡಗಿ ನಿನ್ನೆ ಬಂದಿದ್ದ. ಮಹಡಿ ಕೋಣೆಯಲ್ಲಿ ನಿಮ್ಮ ಆಟದ ರೈಲಿನ ಹಲಗೆ ನೋಡಿ, ಬಾಗಿಲು ನೋಡಿ, ಇದನ್ನು ಒಳಗೇ ಕೂತು ಕಟ್ಟಿದ ಪುಣ್ಯಾತ್ಮ ಯಾರಮ್ಮ ಎಂದು ಕೇಳಿದ. ನಮ್ಮ ಯಜಮಾನರು ಎಂದೆ. ಹಾಗೇ ಹೊರಗೆ ಹೋಗುವುದಿಲ್ಲ, ನಡುವೆ ಕೊಯ್ಯಬೇಕು, ಶನಿವಾರ ಗರಗಸ ತರುತ್ತೇನೆ ಎಂದ. ಸ್ಟೇಷನ್ನಿಗೂ ಸುರಂಗಕ್ಕೂ ಮಧ್ಯೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದ. ಎರಡು ಹೋಳು ಮಾಡಿ ನಿಮ್ಮ ಅಕ್ಕನ ಮನೆಗೆ ಸಾಗಿಸಿ ಅಲ್ಲಿ ಮತ್ತೆ ಕೂಡಿಸುತ್ತಾನಂತೆ. ಆಗಲಪ್ಪ ಎಂದು ಟೀ ಕೊಟ್ಟು ಕಳಿಸಿದೆ. ಆಮೇಲೆ ಹೊಲಿಗೆಗೆ ಕೂರಲು ಮನಸ್ಸೇ ಬರಲಿಲ್ಲ. ನಿಮ್ಮ ವಸ್ತು ಅಂತ ಈ ಮನೆಯಲ್ಲಿ ಉಳಿದಿರುವುದು ಅದೊಂದೇ.

ಇರಲಿ, ಕೆಲಸದ ವಿಷಯಕ್ಕೆ ಬರುತ್ತೇನೆ. ನೀವು ಹೋದ ದಿನ ತಂದಿಟ್ಟಿದ್ದ ಎಲ್‌ಇಡಿ ದೀಪದ ಪಟ್ಟಿ ನೆನಪಿರಬೇಕು. ಜಗಳ ಹುಟ್ಟಿದ್ದೇ ಅದರಿಂದ. ಊರವರ ಗಡಿಯಾರವೆಲ್ಲ ರಿಪೇರಿ ಮಾಡಿ ಬರುವವರಿಗೆ ಬಚ್ಚಲುಮನೆಯ ಕತ್ತಲು ಕಾಣಲಿಲ್ಲ, ಆಟದ ಊರಿಗೆ ಬೀದಿದೀಪ ಹಾಕಲು ಕೂತರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದೆ. ಅಂದದ್ದನ್ನು ಈಗಲೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಗಾದೆಗೆ ಬ್ಯಾಗು ಹಿಡಿದು ಹೊರಡುವ ಗಂಡಸು ಇರುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಆ ದೀಪಗಳನ್ನು ನಾನೇ ಹಾಕೋಣವೆಂದು ಕೂತೆ. ಟೇಪು ಹಿಡಿದು ಬೀದಿಬೀದಿ ಅಳೆದೆ. ಒಂದೊಂದು ತುಂಡಿಗೂ, ಮಡಿಚಿ ಹೊಲಿಯಲು ಇರಲಿ ಎನ್ನುವ ಹಾಗೆ, ಒಂದು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದೆ. ಒಂದೂ ಹತ್ತಲಿಲ್ಲ. ಎಲೆಕ್ಟ್ರಿಕ್ ಅಂಗಡಿಯವರಿಗೆ ತೋರಿಸಿದರೆ ಅವರು ನಕ್ಕೂ ನಕ್ಕೂ ಸುಸ್ತಾದರು. ಇದು ಲಂಗದ ಬಟ್ಟೆಯಲ್ಲವಂತೆ. ಮೂರು ಮೂರು ದೀಪಕ್ಕೊಮ್ಮೆ ಸಣ್ಣ ಕತ್ತರಿಯ ಗುರುತು ಇರುತ್ತದೆ, ಅಲ್ಲೇ ಕತ್ತರಿಸಬೇಕು, ಬೇರೆಲ್ಲಿ ಕತ್ತರಿಸಿದರೂ ವೈರ್ ಹಿಡಿಸಲು ಜಾಗವಿರುವುದಿಲ್ಲ, ಆ ತುಂಡು ಸತ್ತ ಹಾಗೇ ಎಂದರು. ಇಷ್ಟು ವರ್ಷ ಕತ್ತರಿ ಹಿಡಿದವಳು, ನಾಚಿಕೆಯಾಯಿತು. ಹೊಸ ಸುರುಳಿ ತಂದು, ಕತ್ತರಿ ಹಾಕದೆ ಇಡಿಯಾಗಿಯೇ ಬೀದಿಗಳಿಗೆ ಸುತ್ತಿಸಿದೆ.

ಈ ಸಲ ದೀಪ ಹತ್ತಿತು. ಆದರೆ ಅದರ ವೈರನ್ನು ನಾನು ರೈಲು ಓಡಿಸುವ ಪೆಟ್ಟಿಗೆಗೇ ಸಿಕ್ಕಿಸಿದ್ದೆ. ರೈಲು ಜೋರಾಗಿ ಓಡಿದರೆ ಊರೆಲ್ಲ ಝಗಮಗ. ಸ್ಟೇಷನ್ ಹತ್ತಿರ ನಿಧಾನಿಸಿದರೆ ಮಂಕು. ನಿಂತರೆ ಕತ್ತಲು. ಹಿಂದಕ್ಕೆ ಓಡಿಸಿದರಂತೂ ಒಂದು ದೀಪವೂ ಇಲ್ಲ. ಬಿಟ್ಟುಹೋಗುವ ರೈಲಿಗೆ ದೀಪಾಲಂಕಾರ, ತಿರುಗಿ ಬರುವ ರೈಲಿಗೆ ಕತ್ತಲು, ಇದೆಂಥ ನ್ಯಾಯ ಹೇಳಿ. ಪ್ಲಾಟ್‌ಫಾರ್ಮಿನಲ್ಲಿ ನೀವು ನಿಲ್ಲಿಸಿದ ಕೆಂಪು ಸೀರೆಯ ಗೊಂಬೆ, ಇದು ನೀನೇ ಕಣೇ ಎಂದಿದ್ದಿರಲ್ಲ, ಪಾಪ, ರೈಲು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಅವಳಿಗೇ ಏನೂ ಕಾಣುವುದಿಲ್ಲ.

ಏನು ಮಾಡಲಿ? ಪ್ಲಸ್ಸು ಮೈನಸ್ಸು ಅದಲುಬದಲಾಗಿದೆಯೇ? ಬೇರೆ ಕರೆಂಟು ಕೊಡಬೇಕೇ? ಬರೆದು ಕಳಿಸಿದರೆ ನನ್ನ ತಲೆಗೆ ಹೋಗುವುದಿಲ್ಲ. ನೀವೇ ಬಂದು ತೋರಿಸಬೇಕು.

ಸಂಜೆ ಮೆಷಿನ್ ನಿಲ್ಲಿಸಿದ ಕೂಡಲೇ ಕಿವಿ ಮಹಡಿಗೆ ಹೋಗುತ್ತದೆ. ಆ ಗರಗರ ಸದ್ದಿಗೆ ಎಷ್ಟು ಬೈದಿದ್ದೆ. ಈಗ ನಾನೇ ಮೇಲೆ ಹೋಗಿ ರೈಲು ಓಡಿಸಿ ಕೂರುತ್ತೇನೆ. ಮನೆ ಬಿಕೋ ಎನ್ನುತ್ತಿದೆ, ರೀ. ನನಗೆ ನೀವು ಬೇಕು. ಸುತ್ತಿ ಬಳಸಿ ಬರೆಯಲು ನನಗೆ ಬಾರದು.

ಶನಿವಾರದೊಳಗೆ ಬನ್ನಿ.

ಇಂತಿ,
ನೀವೇ ಹೆಸರಿಟ್ಟ
ಟೈಲರಮ್ಮ

ತಾ.ಕ.: ಸುಳ್ಳು ಹೇಳಿ ಕರೆಸಿಕೊಂಡಳು ಎನ್ನಬಾರದಲ್ಲ, ಅದಕ್ಕೆ ಇದನ್ನೂ ಬರೆಯುತ್ತೇನೆ. ರೈಲಿನ ಕರೆಂಟು ರೈಲಿಗೆ, ದೀಪಕ್ಕೆ ಬೇರೆಯೇ ಹನ್ನೆರಡು ವೋಲ್ಟಿನ ಅಡಾಪ್ಟರ್ ಬೇಕು ಎಂದು ಅಂಗಡಿಯವರು ಆಗಲೇ ಹೇಳಿದ್ದರು. ಹೋದ ವಾರವೇ ತಂದು ಹಾಕಿದ್ದೇನೆ. ಈಗ ರೈಲು ನಿಂತರೂ, ಹಿಂದಕ್ಕೆ ಬಂದರೂ ದೀಪ ಉರಿಯುತ್ತಲೇ ಇರುತ್ತದೆ. ಬಡಗಿ ಹೋದ ಮೇಲೆ, ಪಟ್ಟಿಯನ್ನು ಬಿಚ್ಚಿ, ಹಲಗೆಯ ಈ ತುದಿಯಿಂದ ಆ ತುದಿಗೆ ಒಂದೇ ತುಂಡಾಗಿ ಹೊಸದಾಗಿ ಅಂಟಿಸಿದೆ. ಅವನ ಪೆನ್ಸಿಲ್ ಗೆರೆ ಅದರ ಅಡಿಯಲ್ಲಿದೆ. ಆ ಗೆರೆಯ ಮೇಲೆ ಕತ್ತರಿ ಗುರುತು ಬಾರದ ಹಾಗೆ ಟೇಪು ಹಿಡಿದು ನೋಡಿಕೊಂಡೇ ಅಂಟಿಸಿದ್ದೇನೆ. ಈ ಸಲ ಅಳತೆ ತಪ್ಪಿಲ್ಲ.